ಮೇಲಿನ ಪೆನ್ನು ಕೆಂಪು

ನನ್ನ ಬಾಯಿ ಸ್ವಲ್ಪ ಜೋರು. ಅದು ನನಗೂ ಗೊತ್ತು, ನನ್ನ ಕೈಯಲ್ಲಿ ಓದಿದ ಮಕ್ಕಳಿಗೂ ಗೊತ್ತು. ಬಸವನಗುಡಿಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಹೇಳಿಕೊಟ್ಟವಳು ನಾನು. ಮೆತ್ತಗೆ ಮಾತಾಡಿದ್ದರೆ ಹಿಂದಿನ ಬೆಂಚಿಗೆ ಕೇಳಿಸುತ್ತಲೇ ಇರಲಿಲ್ಲ. ಈ ಬಾಯಿಂದಾಗಿ ಆದ ಜಗಳಗಳಿಗೆ ಲೆಕ್ಕವಿಲ್ಲ, ಅವುಗಳ ಬಗ್ಗೆ ನನಗೆ ಬೇಜಾರೂ ಇಲ್ಲ. ಒಂದೇ ಒಂದು ಮಾತಿನ ಬಗ್ಗೆ ಇದೆ. ಅದನ್ನು ಹೇಳಬೇಕಾದರೆ ಕಂಪ್ಯೂಟರಿನಿಂದಲೇ ಶುರು ಮಾಡಬೇಕು.

ಎರಡು ಸಾವಿರದ ಐದೋ ಆರೋ ಇರಬೇಕು. ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಒಂದು ಕಂಪ್ಯೂಟರನ್ನೂ ಒಂದು ಪ್ರೊಜೆಕ್ಟರನ್ನೂ ಕೊಡಿಸಿದ್ದ. ಹೆಡ್‌ಮಿಸ್ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಮಂಗಳಾರತಿ ಮಾಡಿ, ಬಟ್ಟೆ ಹೊದಿಸಿ ಬೀರುವಿನ ಪಕ್ಕ ಕೂರಿಸಿಬಿಟ್ಟರು. ಆರು ತಿಂಗಳು ಯಾರೂ ಮುಟ್ಟಲಿಲ್ಲ. ಆಯುಧಪೂಜೆಗೆ ಮತ್ತೆ ಕುಂಬಳಕಾಯಿ ಒಡೆದಾಗ ನನಗೆ ತಡೆಯಲಾಗಲಿಲ್ಲ. ನಗರ್ತಪೇಟೆಯಿಂದ ಕಪ್ಪು ಬಟ್ಟೆ ತಂದು ಲ್ಯಾಬಿನ ಕಿಟಕಿಗಳಿಗೆ ಪರದೆ ಹೊಲಿಸಿದೆ, ಎದುರು ಗೋಡೆಗೆ ಬಿಳಿ ಬಣ್ಣ ಬಳಿಸಿದೆ, ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಪಾಠ ಮಾಡುವುದಕ್ಕೆ ಏನಾದರೂ ಇದ್ದರೆ ಕೊಡಿ ಎಂದೆ. ಅಂಗಡಿಯವನು ಒಂದು ಸಿ.ಡಿ.ಯನ್ನೂ, ಸ್ಲೇಟಿನಷ್ಟೇ ದೊಡ್ಡದಾದ ಒಂದು ಕರಿ ಹಲಗೆಯನ್ನೂ, ಅದರ ಮೇಲೆ ಆಡಿಸುವ ಪೆನ್ನನ್ನೂ ಮುಂದಿಟ್ಟ. "ಸ್ಕ್ರೀನ್ ಮೇಲೆ ಏನೇ ಓಪನ್ ಆಗಿರ್ಲಿ ಮೇಡಂ, ಅದರ ಮೇಲೇ ಬರೀಬಹುದು, ಅಳಿಸಬಹುದು" ಎಂದ.

ನಿಜವಾಗಿಯೂ ಬರೆಯಬಹುದಿತ್ತು. ಆ ಸಿ.ಡಿ. ಹಾಕಿದರೆ ಗೋಡೆಯ ಮೇಲಿನ ಪರದೆಯ ಎಡಗಡೆ ಒಂದು ಉದ್ದ ಪಟ್ಟಿ ಬರುತ್ತಿತ್ತು. ಅದರಲ್ಲಿ ಒಂದರ ಕೆಳಗೆ ಒಂದು ಐದು ಪೆನ್ನು: ಕೆಂಪು, ನೀಲಿ, ಹಸಿರು, ಹಳದಿ, ಕಪ್ಪು. ಎಲ್ಲಕ್ಕಿಂತ ಕೆಳಗೆ ರಬ್ಬರು. ಹೃದಯದ ಚಿತ್ರ ಹಾಕಿ, ರಕ್ತ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಮಕ್ಕಳ ಕಣ್ಣೆದುರೇ ಗೆರೆ ಎಳೆಯುತ್ತಿದ್ದೆ. ಲೋಲಕ ತೂಗಾಡುವ ಫಿಲಂ ತುಣುಕನ್ನು ನಡುವೆ ನಿಲ್ಲಿಸಿ, ಅದರ ಮೇಲೇ ಕೋನ ಬರೆದು, "ಈಗ ಇದು ಎಲ್ಲಿಗೆ ಹೋಗುತ್ತೆ, ಬಂದು ಗುರುತು ಹಾಕ್ರೋ" ಎನ್ನುತ್ತಿದ್ದೆ. ನಾ ಮುಂದು ತಾ ಮುಂದು ಎಂದು ಓಡಿ ಬರುತ್ತಿದ್ದರು. ವರ್ಷವಿಡೀ ಬಾಯಿ ಬಿಡದಿದ್ದ ಒಂದು ಹುಡುಗಿ ವಿದ್ಯುತ್ ಮಂಡಲದ ಪಾಠದಲ್ಲಿ ಎದ್ದು ಬಂದು ಬಾಣವನ್ನು ಉಲ್ಟಾ ಹಾಕಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ತಾನೇ ರಬ್ಬರು ಒತ್ತಿ, ಸರಿ ಮಾಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವತ್ತು ನಾನು ಗಾಂಧಿ ಬಜಾರಿನವರೆಗೆ ನಡೆದುಕೊಂಡೇ ಹೋಗಿ ಒಬ್ಬಳೇ ಕೂತು ದೋಸೆ ತಿಂದೆ, ಅಷ್ಟು ಖುಷಿಯಾಗಿತ್ತು.

ನಮ್ಮ ಶಾಲೆಯಲ್ಲಿ ವಿಜ್ಞಾನಕ್ಕೆ ಇಬ್ಬರು. ನಾನು, ಮತ್ತು ನಮ್ಮ ಸಾರ್. ಅವರು ನನಗೇ ಪಾಠ ಹೇಳಿದವರು. ಅದೇ ಲ್ಯಾಬಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತು ನಾನು ಅವರಿಂದ ರಸಾಯನಶಾಸ್ತ್ರ ಕಲಿತಿದ್ದೆ. ಅವರ ಪಾಠ ಅಂದರೆ ಗಲಾಟೆ. ಶಾಲೆಯ ಹಿತ್ತಲಿನ ದಾಸವಾಳವನ್ನು ಬಿಸಿನೀರಿನಲ್ಲಿ ಕಿವುಚಿ, ಆ ರಸಕ್ಕೆ ಒಂದು ಕಡೆ ನಿಂಬೆಹುಳಿ, ಇನ್ನೊಂದು ಕಡೆ ಸೋಪಿನ ನೀರು ಬಿಟ್ಟು, ಪ್ರನಾಳ ಎತ್ತಿ ಹಿಡಿದು, "ಬಣ್ಣ ಹೇಳ್ರಪ್ಪಾ!" ಎನ್ನುತ್ತಿದ್ದರು. ನಾವು ಗಂಟಲು ಹರಿಯುವ ಹಾಗೆ "ಕೆಂಪೂ!" "ಹಸಿರೂ!" ಎಂದು ಕೂಗಬೇಕು. ಸಾಲದು, ಇನ್ನೂ ಜೋರಾಗಿ. ಪಕ್ಕದ ಕ್ಲಾಸಿನವರು ಬಂದು ಬಯ್ದು ಹೋಗುತ್ತಿದ್ದರು. ಮಕ್ಕಳೇ ನೋಡಬೇಕು, ಮಕ್ಕಳೇ ಹೇಳಬೇಕು, ಇದೇ ಅವರ ಪದ್ಧತಿ ಎಂದು ಊರೆಲ್ಲ ಹೊಗಳುತ್ತಿತ್ತು. ನಾನು ಟೀಚರ್ ಆದದ್ದೇ ಆ ಗಲಾಟೆಯ ಆಸೆಗೆ.

ಆ ವರ್ಷ ಅವರಿಗೆ ಕೊನೆಯ ವರ್ಷ, ಮಾರ್ಚಿಗೆ ನಿವೃತ್ತಿ. ಜನವರಿಯಲ್ಲಿ ಸುತ್ತಮುತ್ತಲ ಶಾಲೆಗಳ ವಿಜ್ಞಾನ ಶಿಕ್ಷಕರೆಲ್ಲ ನಮ್ಮಲ್ಲಿ ಸೇರುವುದೆಂದಾಯಿತು. ಅಂಥ ಸಭೆಯಲ್ಲಿ ಒಬ್ಬರು ಮಾದರಿ ಪಾಠ ಮಾಡಬೇಕು, ಮಿಕ್ಕವರು ಹಿಂದೆ ಕೂತು ನೋಡಬೇಕು, ಶಿಕ್ಷಣ ಇಲಾಖೆಯ ಸಾಹೇಬರು ಎರಡು ಮಾತು ಹೇಳಬೇಕು, ಆಮೇಲೆ ಉಪ್ಪಿಟ್ಟು ಕೇಸರಿಭಾತು. ಸಾರೇ ಮಾಡಲಿ, ಅದೂ ಪರದೆಯ ಮೇಲೇ ಮಾಡಲಿ ಎಂದು ಹೆಡ್‌ಮಿಸ್‌ಗೆ ಹೇಳಿದವಳು ನಾನು. ಅವರಿಗೆ ಗೌರವ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ.

"ನಂಗೆ ಸೀಮೆಸುಣ್ಣ ಸಾಕು ಕಣಮ್ಮಾ, ಆ ಮಾಯಾಬಜಾರೆಲ್ಲ ನಿನ್ನದೇ ಇರ್ಲಿ" ಎಂದರು ಸಾರ್.

"ಏನ್ ಸಾರ್ ನೀವು! ಹೋಗೋ ಮುಂಚೆ ಒಂದ್ಸಲ ಎಲ್ಲರ ಬಾಯಿ ಮುಚ್ಚಿಸಿ ಹೋಗಿ. ಕಂಪ್ಯೂಟರ್ ಬರಲ್ಲ ಅಂತ ಆಡ್ಕೋತಾರೆ" ಎಂದೆ.

ಅವರು ಪ್ರನಾಳ ತೊಳೆಯಲು ಎದ್ದು ಹೋದರು. ಆಗಲಾದರೂ ನಾನು ಸುಮ್ಮನಾಗಬೇಕಿತ್ತು. ಹಠ ಹಿಡಿದು ಒಪ್ಪಿಸಿದೆ. ಅವರದೇ ದಾಸವಾಳದ ಪಾಠವನ್ನು ಪರದೆಗೆ ಹೊಂದಿಸಿದೆ. ನಿಂಬೆ, ಹುಣಸೆ, ಮೊಸರು, ಸೋಪು, ಸುಣ್ಣದ ತಿಳಿ, ಅಡಿಗೆ ಸೋಡದ ಚಿತ್ರಗಳು. ಮಕ್ಕಳು ಆಮ್ಲವೋ ಪ್ರತ್ಯಾಮ್ಲವೋ ಹೇಳಿದ ಮೇಲೆ ಆಮ್ಲಗಳಿಗೆ ಕೆಂಪು ಸುತ್ತು, ಪ್ರತ್ಯಾಮ್ಲಗಳಿಗೆ ಹಸಿರು ಸುತ್ತು. ಇಷ್ಟೇ.

ಹದಿನೈದು ದಿನ ಶಾಲೆ ಬಿಟ್ಟ ಮೇಲೆ ಅವರು ಲ್ಯಾಬಿನಲ್ಲಿ ಕೂತು ಅಭ್ಯಾಸ ಮಾಡಿದರು. ಎದುರಿಗೆ ನಾನಿದ್ದರೆ ಕೈ ಓಡುವುದಿಲ್ಲ ಎಂದು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಬಾಗಿಲ ಸಂದಿಯಿಂದ ನೋಡಿದರೆ, ಪೆನ್ನು ಹಿಡಿದು ಮೇಲಿಂದ ಕೆಳಕ್ಕೆ ಎಣಿಸಿ ಎಣಿಸಿ ಒತ್ತುತ್ತಿದ್ದರು. ಪಾಪ, ಈ ವಯಸ್ಸಿನಲ್ಲಿ ಎಷ್ಟು ಶ್ರದ್ಧೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ.

ಮಾದರಿ ಪಾಠದ ದಿನ ಬೆಳಿಗ್ಗೆ ನನಗೆ ಇನ್ನೊಂದು ಉಪಕಾರ ಮಾಡುವ ಹುಮ್ಮಸ್ಸು ಬಂತು. ಐದು ಪೆನ್ನು ಯಾಕೆ, ಗಡಿಬಿಡಿಯಲ್ಲಿ ಸಾರ್ ಯಾವುದನ್ನೋ ಒತ್ತಿಬಿಟ್ಟಾರು ಎಂದು ಎಲ್ಲವನ್ನೂ ತೆಗೆದೆ. ಹಿಂದಿನವರಿಗೂ ಕಾಣಲಿ ಎಂದು ಎರಡೇ ದಪ್ಪ ಪೆನ್ನುಗಳನ್ನು ಹೊಸದಾಗಿ ಸೇರಿಸಿದೆ, ಮೊದಲು ಕೆಂಪು, ಆಮೇಲೆ ಹಸಿರು. ಆ ಸಾಫ್ಟ್‌ವೇರಿನಲ್ಲಿ ಆಮೇಲೆ ಸೇರಿಸಿದ್ದು ಮೇಲೆ ಹೋಗಿ ಕೂರುತ್ತಿತ್ತು. ಹಸಿರು ಮೇಲೆ ಬಂತು, ಕೆಂಪು ಕೆಳಗೆ. ಅದರಿಂದ ಏನಾಗಬೇಕು? ಕಣ್ಣಿದ್ದವರಿಗೆ ಕಾಣುತ್ತದಲ್ಲ!

"ಎರಡೇ ಪೆನ್ನು ಇಟ್ಟಿದೀನಿ ಸಾರ್, ಕೆಂಪು, ಹಸಿರು. ಆರಾಮಾಗಿ ಮಾಡಿ" ಎಂದೆ. ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಸಾರ್ "ಹೂಂ" ಎಂದರು.

ಪಾಠ ಚೆನ್ನಾಗಿಯೇ ಶುರುವಾಯಿತು. ಎಲ್ಲರೂ ಅದೇ ಹಳೇ ಗಲಾಟೆಗೆ ನಗುತ್ತಿದ್ದರು. ನಿಂಬೆಹಣ್ಣು ಬಂತು. ಮಕ್ಕಳು "ಆಮ್ಲ!" ಎಂದು ಕೂಗಿದರು. ಸಾರ್ ಮೇಲಿನ ಪೆನ್ನು ಒತ್ತಿ ನಿಂಬೆಯ ಸುತ್ತ ಒಂದು ಗುಂಡನೆಯ ಹಸಿರು ಸುತ್ತು ಹಾಕಿ, "ಆಮ್ಲ, ಕೆಂಪು" ಎಂದರು.

ಮುಂದಿನ ಬೆಂಚಿನಿಂದ ಯಾರೋ "ಸಾರ್, ಅದು ಹಸಿರು ಸಾರ್" ಎಂದರು. ಸಾರ್ ನಕ್ಕು ರಬ್ಬರು ಒತ್ತಿದರು. ಮತ್ತೆ ಪೆನ್ನು ತೆಗೆದುಕೊಳ್ಳುವಾಗ ಅವರ ಕೈ ಎರಡರ ನಡುವೆ ನಿಂತಿತು. ಮೇಲಿನದನ್ನೇ ಒತ್ತಿದರು. ಮತ್ತೆ ಹಸಿರು. ಈಗ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು. ಹಿಂದೆ ಕೂತ ಟೀಚರುಗಳು ಮುಸಿಮುಸಿ ನಕ್ಕರು. ನಾನೂ ನಕ್ಕೆ. ನಕ್ಕಿದ್ದಷ್ಟೇ ಅಲ್ಲ, ಹಿಂದಿನಿಂದ ಈ ನನ್ನ ದೊಡ್ಡ ಬಾಯಿ ತೆರೆದು, "ಸಾರ್, ಅಷ್ಟು ಹಸಿರಾಗಿದೆ ಕಾಣ್ತಿಲ್ವಾ? ಕೆಂಪು ತಗೊಳ್ಳಿ ಸಾರ್, ಕೆಂಪು!" ಎಂದೆ. ಇಡೀ ಲ್ಯಾಬು ಗೊಳ್ಳೆಂದಿತು.

ಅವರು ಪೆನ್ನನ್ನು ಹಲಗೆಯ ಮೇಲೆ ಇಟ್ಟರು. ಕನ್ನಡಕ ತೆಗೆದು ಒರೆಸಿದರು. "ಮಿಕ್ಕಿದ್ದು ನಿಮ್ಮ ಮಿಸ್ ಮಾಡ್ತಾರೆ" ಎಂದು ಹೇಳಿ ಪಕ್ಕದ ಸ್ಟೂಲಿನ ಮೇಲೆ ಕೂತರು.

ನಾನು ಮಾಡಿದೆ. ಹೋಗಿ ಮಾಡಿದೆನಲ್ಲ! ಸುತ್ತು ಹಾಕಿದೆ, ಮಕ್ಕಳನ್ನು ಕರೆದು ಹಾಕಿಸಿದೆ, ತಮಾಷೆ ಮಾಡಿದೆ, ಕೊನೆಗೆ ಜೋರು ಚಪ್ಪಾಳೆ ಬಂತು. ಸಾಹೇಬರು ಎದ್ದು, "ಹೊಸ ತಲೆಮಾರಿಗೆ ಜಾಗ ಬಿಡೋ ಕಾಲ ಬಂದಾಗ ಹಿರಿಯರು ಬಿಡಬೇಕು, ನಮ್ಮ ಮೇಷ್ಟ್ರು ಹಾಗೆ ಬಿಟ್ಟರು" ಎಂದರು. ಆ ಮಾತಿಗೂ ಚಪ್ಪಾಳೆ. ಹೆಮ್ಮೆಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಥೂ, ನನ್ನ ಮುಖಕ್ಕಿಷ್ಟು. ಉಪ್ಪಿಟ್ಟು ತಿನ್ನುವಾಗ ನೋಡಿದರೆ ಸಾರ್ ಹೊರಟುಹೋಗಿದ್ದರು.

ಸಂಜೆ ಹಲಗೆಯನ್ನು ಎತ್ತಿಡುವಾಗ ಅದರ ಅಡಿಯಲ್ಲಿ ಒಂದು ಚೀಟಿ ಸಿಕ್ಕಿತು. ಸಾರ್ ಕೈಬರಹ. "ಮೇಲಿನ ಪೆನ್ನು ಕೆಂಪು. ಎರಡು ನೀಲಿ. ಮೂರು ಹಸಿರು. ನಾಲ್ಕು ಹಳದಿ. ಐದು ಕಪ್ಪು." ಕೆಂಪಿಗೂ ಹಸಿರಿಗೂ ಕೆಳಗೆ ಎರಡೆರಡು ಗೆರೆ. ಕಣ್ಣೆದುರೇ ಬಣ್ಣ ಕಾಣುವಾಗ ಅದನ್ನು ಯಾರಾದರೂ ಯಾಕೆ ಬರೆದಿಟ್ಟುಕೊಳ್ಳುತ್ತಾರೆ? ವಂಶವಾಹಿಯ ಪಾಠದಲ್ಲಿ ವರ್ಷಾ ವರ್ಷಾ ನಾನೇ ಹೇಳುತ್ತಿದ್ದೆ, ಕೆಲವು ಗಂಡಸರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ಭೇದ ಕಾಣುವುದಿಲ್ಲ ಎಂದು. ಲ್ಯಾಬಿನ ಕಪ್ಪು ಪರದೆಗಳ ನಡುವೆ ನಿಂತು ಆ ಚೀಟಿಯನ್ನು ಇನ್ನೊಮ್ಮೆ ಓದಿದೆ. ಎಷ್ಟೋ ವರ್ಷ ಅವರು ನಮ್ಮ ಕೈಲಿ ಬಣ್ಣ ಕೂಗಿಸಿದ್ದು ಪದ್ಧತಿಯೂ ಹೌದು, ಅದಕ್ಕಿಂತ ಮೊದಲು ಅವರಿಗೆ ಬೇಕಾಗಿದ್ದದ್ದೂ ಹೌದು.

ಸಾರ್ ಒಂದು ವಾರ ರಜ ಹಾಕಿದರು. ಎರಡನೇ ದಿನ ನಾನು ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದು, "ಬಾಮ್ಮಾ, ನಿಮ್ಮ ಸಾರಿಗೆ ಮೈ ಸರಿಯಿಲ್ಲ" ಎಂದು ಒಳಗೆ ಕರೆದು ಕಾಫಿಗಿಡಲು ಹೋದರು. ನಾನು ಚೀಟಿಯನ್ನು ಮೇಜಿನ ಮೇಲಿಟ್ಟೆ. ಸಾರ್ ಅದನ್ನು ನೋಡಿದರು, ಮಡಚಿದರು, ಜೇಬಿಗೆ ಹಾಕಿಕೊಂಡರು.

"ಗೊತ್ತಾಯ್ತಾ?" ಎಂದರು.

"ಕ್ಷಮಿಸಿ ಸಾರ್" ಎಂದೆ. ನನಗೆ ಅಳು ಬಂತು.

ಆಗ ತಗ್ಗಿದ ದನಿಯಲ್ಲಿ ಹೇಳಿದರು. ಅವರ ತಂದೆಗೆ ರೈಲ್ವೆಯಲ್ಲಿ ಕೆಲಸ, ಮನೆ ಓಕಳಿಪುರದಲ್ಲಿ, ಹಳಿಯ ಪಕ್ಕ. ಮಗನೂ ರೈಲ್ವೆಗೇ ಸೇರಬೇಕೆಂದು ತಂದೆಗೆ ಆಸೆ. ವೈದ್ಯಕೀಯ ಪರೀಕ್ಷೆಯಲ್ಲಿ ಚುಕ್ಕಿಗಳ ಒಂದು ಪುಸ್ತಕ ಕೊಟ್ಟು ಒಳಗಿರುವ ಅಂಕಿ ಓದು ಎಂದರಂತೆ. ಇವರಿಗೆ ಯಾವ ಅಂಕಿಯೂ ಕಾಣಲಿಲ್ಲ. ಅಲ್ಲಿಯ ಗುಮಾಸ್ತ ಹತ್ತು ಜನರ ಮುಂದೆ, "ಏನಯ್ಯಾ, ಸಿಗ್ನಲ್ಲೇ ಕಾಣದ ನೀನು ರೈಲು ಓಡಿಸ್ತೀಯಾ?" ಎಂದು ನಕ್ಕನಂತೆ. ಮನೆಗೆ ಬಂದು, ನನಗೆ ಪಾಠ ಮಾಡೋದೇ ಇಷ್ಟ ಎಂದು ತಂದೆಗೆ ಹೇಳಿಬಿಟ್ಟರು. ಅಂದಿನಿಂದ ಯಾರಿಗೂ ಹೇಳಿಲ್ಲ.

"ಇವಳಿಗೂ ಗೊತ್ತಿಲ್ಲ" ಎಂದು ಅಡಿಗೆಮನೆಯ ಕಡೆ ತಲೆ ತಿರುಗಿಸಿದರು. "ಮೊದಲನೇ ವರ್ಷ ಹೇಳ್ಬೇಕಿತ್ತು. ಆಗ ನಾಚಿಕೆ. ಆಮೇಲೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತಾಳಲ್ಲಾ ಅಂತ ಭಯ. ಹಾಗೇ ಮೂವತ್ತೆರಡು ವರ್ಷ ಆಗೋಯ್ತು. ಯಾರಿಗೂ ಹೇಳ್ಬೇಡ ಕಣಮ್ಮಾ."

"ಇಲ್ಲ ಸಾರ್. ದೇವರಾಣೆ" ಎಂದೆ. ಕಾಫಿ ಬಂತು. ನಾವು ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯ ಮಾತಾಡಿದೆವು.

ಆ ಆಣೆ ಒಂದು ತಿಂಗಳು ಉಳಿಯಿತು. ಸಾರ್ ಮತ್ತೆ ಶಾಲೆಗೆ ಬರುತ್ತಿದ್ದರು; ಗೋಡೆಯ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ಪಾಠ ಮಾಡಿ, ಸ್ಟಾಫ್ ರೂಮಿಗೆ ಬರದೆ ಲೈಬ್ರರಿಯಲ್ಲಿ ಕೂರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರದೇ ತಮಾಷೆ. ನಮ್ಮ ಪಿ.ಟಿ. ಮೇಷ್ಟ್ರಿಗಂತೂ ಅದು ಊಟದ ಜೊತೆ ಉಪ್ಪಿನಕಾಯಿ. ಒಂದು ದಿನ ಡಬ್ಬಿ ಬಿಚ್ಚುತ್ತಾ, "ಮೇಷ್ಟ್ರಿಗೆ ಅರಳು ಮರಳು ಮಿಸ್. ಕೆಂಪು ಯಾವ್ದು, ಹಸಿರು ಯಾವ್ದು ಅಂತಾನೇ ಗೊತ್ತಾಗಲ್ಲ. ಇನ್ನು ಮಾರ್ಕ್ಸ್ ಹೆಂಗ್ ಹಾಕ್ತಾರೋ!" ಎಂದರು.

ನನ್ನ ಪಿತ್ತ ನೆತ್ತಿಗೇರಿತು. "ಅರಳು ಮರಳು ನಿಮಗೆ! ಹುಟ್ಟಿದಾಗಿಂದ ಅವರಿಗೆ ಆ ಬಣ್ಣಗಳು ಕಾಣಲ್ಲ ರೀ! ಕಾಣದೇನೇ ಇಷ್ಟು ವರ್ಷ ಕೆಮಿಸ್ಟ್ರಿ ಹೇಳ್ಕೊಟ್ಟಿದ್ದಾರೆ. ಎರಡೂ ಕಣ್ಣು ನೆಟ್ಟಗಿಟ್ಕೊಂಡು ನೀವೇನು ಕಿಸಿದಿದೀರಿ?" ಎಂದು ಕಿರುಚಿದೆ.

ಅಲ್ಲಿ ಏಳು ಜನ ಇದ್ದರು. ಎಲ್ಲರ ತುತ್ತೂ ಬಾಯಿ ಹತ್ತಿರ ನಿಂತಿತ್ತು. ಅಯ್ಯೋ ಶಿವನೇ ಎಂದುಕೊಂಡು, "ಯಾರಿಗೂ ಹೇಳ್ಬೇಡಿ, ದಮ್ಮಯ್ಯ" ಎಂದೆ. ಎಲ್ಲರೂ ಇಲ್ಲ ಇಲ್ಲ ಎಂದರು.

ಸಾರ್ ಪರವಾಗಿ ಸಿಟ್ಟು ಬಂದು ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂರ್ತಿ ನಿಜ ಅಲ್ಲ. ಒಂದು ತಿಂಗಳಿಂದ ಆ ನಗೆಯ ಪಾಲು ನನ್ನ ಮೇಲೂ ಭಾರವಾಗಿ ಕೂತಿತ್ತು. ಮಿಕ್ಕವರಿಗೂ ಗೊತ್ತಾದರೆ ನಕ್ಕ ತಪ್ಪು ನನ್ನೊಬ್ಬಳ ಮೇಲೇ ಉಳಿಯುವುದಿಲ್ಲ, ಎಲ್ಲರೂ ಅಷ್ಟಷ್ಟು ಹೊತ್ತುಕೊಳ್ಳುತ್ತಾರೆ ಎಂದು ಮನಸ್ಸಿನ ಯಾವುದೋ ಮೂಲೆ ಲೆಕ್ಕ ಹಾಕಿತ್ತು. ಅವರ ಗುಟ್ಟನ್ನು ಖರ್ಚು ಮಾಡಿ ನಾನು ಹಗುರಾದೆ.

ಬೀಳ್ಕೊಡುಗೆ ಮಾರ್ಚಿನ ಕೊನೆಯ ಶನಿವಾರ. ನಮ್ಮ ಶಾಲೆಯಲ್ಲಿ ನಿವೃತ್ತರಾಗುವವರನ್ನು ದಂಪತಿ ಸಮೇತ ಕೂರಿಸಿ, ಅವರಿಗೆ ಶಾಲು, ಅವರ ಮನೆಯವರಿಗೆ ಸೀರೆ ಕೊಡುವುದು ವಾಡಿಕೆ. ಇಬ್ಬರೂ ವೇದಿಕೆಯ ಮೇಲೆ ಕೂತಿದ್ದರು. ಅವರ ಹೆಂಡತಿ ಮುಡಿ ತುಂಬ ಮಲ್ಲಿಗೆ ಮುಡಿದಿದ್ದರು, ಆಗಾಗ ಗಂಡನ ಶರ್ಟಿನ ಕಾಲರು ಸರಿ ಮಾಡುತ್ತಿದ್ದರು. ಶಾಲು ಹೊದಿಸಲು ಹೋದವರು ಪಿ.ಟಿ. ಮೇಷ್ಟ್ರು. ಕೆಟ್ಟ ಮನುಷ್ಯನೇನಲ್ಲ, ಎಲ್ಲರನ್ನೂ ನಗಿಸಬೇಕೆಂಬ ಚಟ. ಶಾಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೈಕಿನ ಮುಂದೆ, "ಎಲ್ಲಿ ಸಾರ್, ಇವತ್ತು ನೀವೇ ಬಣ್ಣ ಹೇಳಿ ನೋಡೋಣ!" ಎಂದರು.

ಟೀಚರುಗಳು ನಕ್ಕರು. ಅವರು ನಕ್ಕಿದ್ದಕ್ಕೆ ಮಕ್ಕಳೂ ನಕ್ಕರು. ಸಾರ್ ಹೆಂಡತಿಯೂ ಎಲ್ಲರ ಜೊತೆ ನಕ್ಕು, ಗಂಡ ಉತ್ತರ ಹೇಳಲಿ ಎಂದು ಅವರ ಮುಖ ನೋಡಿದರು. ಸಾರ್ ಶಾಲನ್ನು ನೋಡಿದರು, ಆಮೇಲೆ ಎರಡನೇ ಸಾಲಿನಲ್ಲಿದ್ದ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ಗೊತ್ತಿಲ್ಲಪ್ಪ. ನನಗೆ ಕಾಣಲ್ಲ" ಎಂದರು ಸಾರ್, ಮೈಕಿಗೆ ಕೇಳಿಸುವ ಹಾಗೆಯೇ.

ನಗು ನಿಂತಿತು. ಅವರ ಹೆಂಡತಿಯ ಮುಖದಲ್ಲಿ ಆ ನಗು ಇನ್ನೂ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ತೆಗೆಯುವುದು ಹೇಗೆಂದು ಗೊತ್ತಾಗದವರ ಹಾಗೆ. ಹೆಡ್‌ಮಿಸ್ ಗಡಿಬಿಡಿಯಲ್ಲಿ ಪ್ರಾರ್ಥನೆಯ ಹುಡುಗಿಯರನ್ನು ಎಬ್ಬಿಸಿ ಇನ್ನೊಂದು ಹಾಡು ಹೇಳಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಗೇಟಿನ ಬಳಿ ಆಟೋ ನಿಂತಿತ್ತು. ನಾನು ಓಡಿಹೋಗಿ ಸಾರ್ ಕಾಲಿಗೆ ಬಿದ್ದೆ. ಅವರು ಎಬ್ಬಿಸಿ ಆಟೋದ ಕಡೆ ತಿರುಗಿದರು. ಮಾತಾಡಿದ್ದು ಅವರ ಹೆಂಡತಿ.

"ನಿನಗೆ ಹೇಳಿದ್ರಂತಲ್ಲಮ್ಮ ಇವರು. ಅಲ್ಲಿ ಯಾರೋ ಅಂದ್ರು" ಎಂದರು. ನಾನು ಹೂಂ ಎಂದೆ. ಅವರು ಸೀರೆಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಗಂಡನ ಕಡೆ ತಿರುಗಿದರು. "ಬಳೇಪೇಟೆಗೆ ಹೋದಾಗೆಲ್ಲ ನೀವು ಬಳೆ ಅಂಗಡಿ ಹೊರಗಡೆನೇ ನಿಂತ್ಕೋತಿದ್ರಿ. ಒಂದು ಸಲ, ಒಂದೇ ಒಂದು ಸಲ ಒಳಗೆ ಬಂದು, ಈ ಬಣ್ಣ ನಿಂಗೊಪ್ಪುತ್ತೆ ಕಣೇ ಅನ್ಲಿಲ್ಲ. ನನ್ನ ಕಂಡ್ರೆ ಇಷ್ಟ ಇಲ್ಲ ಅಂದ್ಕೊಂಡೇ ಬಾಳಿದೆ ನಾನು. ಒಂದು ಮಾತು ಹೇಳಿದ್ರೆ ಏನಾಗ್ತಿತ್ತುರೀ?"

ಆಟೋದವನು ಮೀಟರಿನ ಕಡೆ ಮುಖ ತಿರುಗಿಸಿಕೊಂಡ. ಮಕ್ಕಳು ಕೇಸರಿಭಾತಿನ ದೊನ್ನೆ ಹಿಡಿದು ಸುತ್ತ ನಿಂತಿದ್ದರು. ಸಾರ್ ಬಾಯಿ ತೆರೆದರು, ನನ್ನನ್ನೂ ಮಕ್ಕಳನ್ನೂ ನೋಡಿದರು, ಮತ್ತೆ ಮುಚ್ಚಿದರು. ನನ್ನ ಬಾಯಿ ಬೀದಿಗೆ ತಂದ ಆ ಪ್ರಶ್ನೆಯನ್ನು ಆಕೆ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ಅವರೊಬ್ಬರನ್ನೇ ಕೇಳಬೇಕಿತ್ತು. ಅಲ್ಲಾಗಿದ್ದರೆ ಅವರು ಉತ್ತರ ಹೇಳುತ್ತಿದ್ದರು.